ಇಳಿಜಾರಿನ ಕೆಲಸ

ಹಳೆಯ ಕಾರುಗಳ ರ‍್ಯಾಲಿಯಲ್ಲಿ ಅರವತ್ತು ವರ್ಷದ ಕಾರೊಂದು ಘಾಟಿಯ ನೆತ್ತಿಗೆ ಬಂದು ನಿಂತಿತು. ಚಾಲಕ ಮುದ್ದಯ್ಯ ಕುದಿಯುತ್ತಿದ್ದ ಎಂಜಿನ್ ಆರಲೆಂದು ಕಾದು, ರೇಡಿಯೇಟರಿಗೆ ನೀರು ತುಂಬಿದ.

"ನನ್ನ ಕೆಲಸ ಮುಗಿಯಿತು," ಎಂದಿತು ಎಂಜಿನ್ ಬ್ರೇಕಿಗೆ. "ಇನ್ನು ಇಳಿಜಾರು. ನೀನು ನೋಡಿಕೋ, ತಮ್ಮ."

"ಇಳಿಯುವಾಗಲೂ ನೀನು ಗೇರಿನಲ್ಲಿರಬೇಕು, ಅಣ್ಣ," ಎಂದಿತು ಬ್ರೇಕು. "ನನ್ನೊಬ್ಬನಿಂದ ಇಷ್ಟು ಭಾರ ತಡೆಯಲಾಗದು."

"ನಾನು ಹತ್ತುವಾಗ ನೀನು ಮಲಗಿದ್ದೆ. ನಿನ್ನ ಸಹಾಯ ಕೇಳಿದೆನೇ?"



ಮುದ್ದಯ್ಯನಿಗೆ ಎಂಜಿನ್ ಮೇಲೆ ಕನಿಕರ. "ಪಾಪ, ಸ್ವಲ್ಪ ಸುಧಾರಿಸಿಕೊಳ್ಳಲಿ," ಎಂದು ನ್ಯೂಟ್ರಲ್‌ಗೆ ಹಾಕಿ ಕಾರನ್ನು ಇಳಿಜಾರಿಗೆ ಬಿಟ್ಟ.

ಮೂರನೆಯ ತಿರುವಿನಲ್ಲಿ ಬ್ರೇಕು ಬಿಸಿಯೇರಿತು. ಆರನೆಯದರಲ್ಲಿ ಸುಟ್ಟ ವಾಸನೆ ಬಂತು. ಎಂಟನೆಯದರಲ್ಲಿ ಮುದ್ದಯ್ಯ ಎಷ್ಟು ತುಳಿದರೂ ಕಾರು ನಿಧಾನವಾಗಲಿಲ್ಲ.

"ಇನ್ನು ನನ್ನ ಕೈಲಾಗದು, ಅಣ್ಣ."

ಎಂಜಿನ್ ಆಗ ಕಣ್ಣು ತೆರೆದು ಮುಂದಿನ ಪ್ರಪಾತವನ್ನು ನೋಡಿತು. ಬಿದ್ದರೆ ತಾನೂ ಬೀಳುವವನೇ. ಮುದ್ದಯ್ಯ ಗಾಬರಿಯಲ್ಲಿ ಎರಡನೆಯ ಗೇರಿಗೆ ತಳ್ಳಿದ. ಗೇರು ಕರ್ರೆಂದಿತು. ಎಂಜಿನ್ ಹಠ ಬಿಟ್ಟು, ನರಳುತ್ತ, ಕಾರನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು. ತಡೆಗೋಡೆಗೆ ಒಂದು ಮೊಳ ಇರುವಾಗ ಕಾರು ತಿರುಗಿತು.

ಉಳಿದ ತಿರುವುಗಳನ್ನು ಅಣ್ಣ ತಮ್ಮ ಇಬ್ಬರೂ ಸೇರಿ ಭಾರ ಹಿಡಿದು ಇಳಿದರು. ಕೆಳಗೆ ಸೇರಿದ ಕೂಡಲೇ ಮತ್ತೊಂದು ಘಾಟಿ ಎದುರಾಯಿತು. ಅರ್ಧ ಹತ್ತಿದ ಮೇಲೆ ಎಂಜಿನ್ ದಣಿದ ದನಿಯಲ್ಲಿ ಕೇಳಿತು:

"ಮಲಗಿದೆಯಾ, ತಮ್ಮ?"

"ಇಲ್ಲ, ಅಣ್ಣ. ನೀನು ಹತ್ತಲೆಂದೇ ನಿನ್ನನ್ನು ಹಿಡಿಯದೆ ಬಿಟ್ಟಿದ್ದೇನೆ."