ಮಾರನಾಯಕನ ತೋಟದಲ್ಲಿ ನೂರು ಕುರಿ

ಬೂದಿಗುಡ್ಡದ ಪಾಳೆಯಗಾರ ಕೊಂಡನಾಯಕನಿಗೆ ಮಾರನಾಯಕನೆಂಬ ಬಾಮೈದನಿದ್ದ. ಅಕ್ಕ ಅರಮನೆ ಸೇರಿದ ದಿನದಿಂದ ಅವನಿಗೆ ಊರೆಲ್ಲ ತನ್ನ ಹಿತ್ತಲಾಗಿಯೇ ಕಾಣುತ್ತಿತ್ತು. ಅಂಥವನು ಒಂದು ಬೆಳಿಗ್ಗೆ ಚಾವಡಿಗೆ ಬಂದು, ಒಂದು ಬದನೆ ಗಿಡಕ್ಕೆ ಬದಲಾಗಿ ಒಂದು ಕುರಿಮಂದೆ ಕೊಡಿಸಬೇಕೆಂದು ಕೇಳಿದ.

ಮಂದೆ ಬೋರಕ್ಕನದು. ಮಂದೆ ಎನ್ನುವುದೂ ದೊಡ್ಡ ಮಾತೇ, ಎಲ್ಲ ಸೇರಿ ಎಂಟು ಕುರಿ. ಗಂಡ ತೀರಿಕೊಂಡ ಮೇಲೆ ಆ ಕುರಿ, ನಾಲ್ಕಾರು ಕೋಳಿ, ಬಾವಿ ಪಕ್ಕದ ಒಂದು ತುಂಡು ಸೊಪ್ಪಿನ ಮಡಿ, ಇಷ್ಟೇ ಅವಳ ಬದುಕು. ಹಿಂದಿನ ಸಂಜೆ ಹಟ್ಟಿಗೆ ಹೊಡೆದುಕೊಂಡು ಬರುವಾಗ ಒಂದು ಕುರಿ ಬೇಲಿಯ ಕಂಡಿಯಲ್ಲಿ ನುಗ್ಗಿ ಮಾರನಾಯಕನ ಬದನೆ ಗಿಡಕ್ಕೆ ಬಾಯಿ ಹಾಕಿತ್ತು. ಅವಳು ಕಿವಿ ಹಿಡಿದು ಎಳೆದುಕೊಂಡಳು. ಕತ್ತಲಾಗುವಷ್ಟರಲ್ಲಿ ಅವನ ಆಳುಗಳು ಬಂದು ಎಂಟನ್ನೂ ಅವನ ದೊಡ್ಡಿಗೆ ಕೂಡಿದ್ದರು.

ಬೋರಕ್ಕ ಚಾವಡಿಯ ಕಂಬಕ್ಕೆ ಆತು ನಿಂತಿದ್ದಳು. ಕುರಿ ಹೋದರೆ ಕೂಳೂ ಹೋಯಿತು. ದೂರು ಕೊಡುವವನು ಬಾಮೈದ, ನ್ಯಾಯ ಹೇಳುವವನು ಭಾವ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳುವುದು?

ಕೊಂಡನಾಯಕ ಕೆಟ್ಟವನಲ್ಲ. ಆದರೆ ಮಧ್ಯಾಹ್ನ ಹೆಂಡತಿ ಬಡಿಸಿದ್ದನ್ನೇ ಉಣ್ಣಬೇಕಾದವನು. ಅವನು ಮೀಸೆ ತೀಡಿಕೊಂಡು ಪಕ್ಕದಲ್ಲಿ ಕೂತಿದ್ದ ಚಿತ್ತಯ್ಯನ ಕಡೆ ನೋಡಿದ. ಚಿತ್ತಯ್ಯನಿಗೆ ಅರಮನೆಯಲ್ಲಿ ಏನು ಕೆಲಸವೆಂದು ಯಾರಿಗೂ ಗೊತ್ತಿರಲಿಲ್ಲ. ಎಲೆಯಡಿಕೆ ಹಾಕಿಕೊಂಡು ಕೂತಿರುತ್ತಿದ್ದ, ಕೊಂಡನಾಯಕ ಇಕ್ಕಟ್ಟಿಗೆ ಸಿಕ್ಕಿಕೊಂಡಾಗ ಬಿಡಿಸುತ್ತಿದ್ದ. ಬೋರಕ್ಕನಿಗೆ ಇದ್ದ ಆಸೆ ಅವನೊಬ್ಬನೇ.

ಆ ಆಸೆಗೂ ಕಲ್ಲು ಬಿತ್ತು.

"ಒಂದು ಗಿಡಕ್ಕೆ ಒಂದು ಮಂದೆ ಕೊಡಿಸಿದರೆ ಜನ ಆಡಿಕೊಳ್ಳುತ್ತಾರೆ ನಾಯಕರೆ. ನಷ್ಟ ಇನ್ನೂ ಸ್ವಲ್ಪ ದೊಡ್ಡದಿದ್ದಿದ್ದರೆ ಕೊಡಿಸಬಹುದಿತ್ತು," ಎಂದ ಚಿತ್ತಯ್ಯ ಮಾರನಾಯಕನಿಗೆ, ನಿಜಕ್ಕೂ ಬೇಜಾರಾದವನಂತೆ.

ಮಾರನಾಯಕ ಅರೆಗಳಿಗೆ ಯೋಚಿಸಿದ. ಆಮೇಲೆ, ನುಗ್ಗಿದ್ದು ಒಂದಲ್ಲ, ಎಂಟೂ ಎಂದ. ಚಿತ್ತಯ್ಯ ಮುಖ ಸಪ್ಪಗೆ ಮಾಡಿದ. ಅವನ ಮುಖ ಸಪ್ಪಗಾದಾಗಲೆಲ್ಲ ಮಾರನಾಯಕನ ಬಾಯಲ್ಲಿ ಕುರಿಗಳು ಮರಿ ಹಾಕುತ್ತ ಹೋದವು. ಅವಳ ನೆಂಟರ ಮಂದೆಯೂ ಸೇರಿಕೊಂಡು ಇಪ್ಪತ್ತಾದವು, ಐವತ್ತಾದವು, ಕೊನೆಗೆ ನೂರಕ್ಕೆ ಬಂದು ನಿಂತವು. ಬಂದವು ತಕ್ಷಣ ಹೋದವೆ ಎಂದು ಚಿತ್ತಯ್ಯ ಕೇಳಿದ. ಇಲ್ಲ, ಅಲ್ಲೇ ಮಲಗಿದವು. ಒಂದೇ ರಾತ್ರಿಯೆ? ಮೂರು ರಾತ್ರಿ.

ಬೋರಕ್ಕ ತಡೆಯಲಾರದೆ, ಮಾರಮ್ಮನಾಣೆ ಸುಳ್ಳು ಎಂದಳು. ದೊಡ್ಡವರು ಮಾತಾಡುವಾಗ ಸುಮ್ಮನಿರಬೇಕೆಂದು ಚಿತ್ತಯ್ಯ ಅವಳನ್ನೇ ಗದರಿಸಿದ. ಇವನ ನಾಲಿಗೆಗೆ ಹುಳ ಬೀಳಲಿ ಎಂದು ಅವಳು ಮನಸ್ಸಿನಲ್ಲೇ ಶಪಿಸಿದಳು.

"ಇದನ್ನೆಲ್ಲ ತಾವು ಕಣ್ಣಾರೆ ಕಂಡಿರಾ?" ಎಂದ ಚಿತ್ತಯ್ಯ.

"ಮೂರು ರಾತ್ರಿಯೂ ಜಗಲಿ ಮೇಲೆ ಕೂತು ನೋಡಿದ್ದೇನೆ."

"ಹಿಕ್ಕೆ ಏನಾದರೂ ಬಿದ್ದಿತ್ತೆ?"

"ಏನಾದರೂ ಏನು, ಕಾಲಿಡೋಕೆ ಜಾಗವಿಲ್ಲ. ಒಂದು ಮಡಿಯನ್ನೂ ಬಿಟ್ಟಿಲ್ಲ."

ಚಿತ್ತಯ್ಯನಿಗೆ ಈಗ ಸಮಾಧಾನವಾದಂತೆ ಕಂಡಿತು. ಅವನು ಪಾಳೆಯಗಾರನ ಕಡೆ ತಿರುಗಿದ. "ಬುದ್ಧಿ, ನಮ್ಮ ಸೀಮೆಯಲ್ಲಿ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿಕೊಂಡರೆ ಯಾರು ಯಾರಿಗೆ ಕೊಡಬೇಕು?"

ಇದು ಹಸುಗೂಸಿಗೂ ಗೊತ್ತಿದ್ದ ಮಾತು. ಕುರಿ ರಾತ್ರಿಯೆಲ್ಲ ಮಲಗಿ ಎದ್ದ ನೆಲಕ್ಕೆ ಬೇರೆ ಗೊಬ್ಬರ ಬೇಡ. ಅದಕ್ಕೇ ರೈತರು ಕುರಿಯವರನ್ನು ಕರೆದು ಮಂದೆ ನಿಲ್ಲಿಸಿಕೊಳ್ಳುತ್ತಾರೆ, ತಲೆಗಿಷ್ಟೆಂದು ರಾಗಿ ಅಳೆಯುತ್ತಾರೆ, ರಾತ್ರಿ ಊಟವನ್ನೂ ಹಾಕುತ್ತಾರೆ.

"ಹೊಲದವನು ಕುರಿಯವನಿಗೆ ಕೊಡಬೇಕು," ಎಂದ ಕೊಂಡನಾಯಕ. ಅಂದವನು ಬಾಮೈದನ ಮುಖ ನೋಡಿದ.

"ನೂರು ಕುರಿ, ಮೂರು ರಾತ್ರಿ," ಎಂದ ಚಿತ್ತಯ್ಯ. "ಬೋರಕ್ಕನಿಗೆ ರಾಗಿ ಇನ್ನೂ ಅಳೆದಿಲ್ಲ. ಊಟವನ್ನಂತೂ ಹಾಕಿಯೇ ಇಲ್ಲ."

ತಾನು ಕುರಿ ಕರೆಸಿರಲಿಲ್ಲ ಎಂದು ಮಾರನಾಯಕ ತೊದಲಿದ.

"ಜಗಲಿ ಮೇಲೆ ಕೂತು ನೋಡಿದಿರಿ, ಒಂದು ಕಲ್ಲನ್ನೂ ಬೀರಲಿಲ್ಲ. ಓಡಿಸದೆ ನೋಡುತ್ತ ಕೂರುವವರು ಕುರಿ ತರುಬಿಸಿಕೊಂಡವರು ಮಾತ್ರ."

"ಮತ್ತೆ ನನ್ನ ಬೆಳೆ?"

"ಇವತ್ತು ಬೆಳಿಗ್ಗೆ ತಮ್ಮ ತೋಟದಿಂದ ಅಕ್ಕನವರಿಗೆ ಒಂದು ಬುಟ್ಟಿ ಎಳೇ ಬದನೆಕಾಯಿ ಬಂದಿದೆ. ಗೊಬ್ಬರ ಚೆನ್ನಾಗಿ ಹಿಡಿದಿದೆ ನಾಯಕರೆ."

ಕೊಂಡನಾಯಕ ಮೀಸೆಗೆ ಕೈ ಅಡ್ಡ ಇಟ್ಟುಕೊಂಡ. ಮಾರನಾಯಕ ತನ್ನ ರಾಗಿ ಕಣಜವನ್ನು ನೆನೆದುಕೊಂಡಿರಬೇಕು. ಹತ್ತಿದ ಮೆಟ್ಟಿಲನ್ನೆಲ್ಲ ಇಳಿಯತೊಡಗಿದ. ನೂರು ಐವತ್ತಾಯಿತು, ಐವತ್ತು ಎಂಟಾಯಿತು. ಕೊನೆಗೆ, ಬಂದದ್ದು ಒಂದೇ ಕುರಿ, ತಿಂದದ್ದು ಒಂದೇ ಬಾಯಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗಿಬಿಟ್ಟಿತು ಎಂದು ತಾನೇ ಒಪ್ಪಿಕೊಂಡ.

ಬೋರಕ್ಕನಿಗೆ ಈಗ ಎಲ್ಲ ಅರ್ಥವಾಯಿತು. ಚಿತ್ತಯ್ಯನ ನಾಲಿಗೆಗೆ ಕೊಟ್ಟ ಶಾಪವನ್ನು ವಾಪಸು ತೆಗೆದುಕೊಂಡಳು. ಎದೆಯ ಭಾರ ಇಳಿದು ಕಣ್ಣಲ್ಲಿ ನೀರು ಬಂತು.

"ಆದರೂ ಒಂದು ಬಾಯಿ ಸೊಪ್ಪು ಹೋಗಿದೆಯಲ್ಲ," ಎಂದ ಕೊಂಡನಾಯಕ, ನ್ಯಾಯ ನ್ಯಾಯವೇ ಎನ್ನುವಂತೆ. "ಅದಕ್ಕೇನು ಹೇಳ್ತೀಯ ಬೋರಕ್ಕ?"

ಬೋರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದು ತೀರಿಹೋಯ್ತು ಬುದ್ಧಿ. ರಾತ್ರಿಯೆಲ್ಲ ಅವರ ದೊಡ್ಡಿಯಲ್ಲೇ ಇತ್ತಲ್ಲ, ತಿಂದದ್ದನ್ನ ಅಲ್ಲೇ ಹಾಕಿರ್ತದೆ. ತಿನ್ನದೇ ಇದ್ದ ಏಳೂ ಹಾಕಿರ್ತವೆ."

ಕೊಂಡನಾಯಕ ತಡೆದುಕೊಂಡಿದ್ದ ನಗೆಯೆಲ್ಲ ಒಟ್ಟಿಗೆ ಹೊರಬಂತು. ನಕ್ಕು ಸುಸ್ತಾದ ಮೇಲೆ ಕುರಿಗಳನ್ನು ಬಿಡಲು ಅಪ್ಪಣೆ ಮಾಡಿದ. ಅಷ್ಟೇ ಅಲ್ಲ, ಅಂದಿನ ರಾತ್ರಿ ಬೋರಕ್ಕನ ಮಂದೆಯನ್ನು ಅರಮನೆಯ ಹೊಲದಲ್ಲೇ ತರುಬಬೇಕು, ಅವಳಿಗೆ ಹೊಟ್ಟೆತುಂಬ ಊಟ ಹಾಕಿ, ಕುರಿಗಳ ತಲೆ ಎಣಿಸಿ ರಾಗಿ ಅಳೆಯಬೇಕು ಎಂದ.

ಚಿತ್ತಯ್ಯ ಮತ್ತೊಂದು ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಲೆ ಎತ್ತದೆ ಹೇಳಿದ:

"ಎಣಿಸೋಕೆ ಮಾರನಾಯಕರನ್ನೇ ಕಳಿಸಿ ಬುದ್ಧಿ."