ನೊರೆಗುಡ್ಡ

ನಮ್ಮೂರ ಬಡಗಣ ದಿಕ್ಕಿಗೆ ಒಂದು ಗುಡ್ಡವಿದೆ. ಬರೀ ಕಲ್ಲು. ನೆತ್ತಿಯ ಮೇಲೆ ಸಣ್ಣ ಇಗರ್ಜಿ, ಅದರ ಕೆಳಗೆ ಬಂಡೆ ಕೊರೆದ ನೆಲಮಾಳಿಗೆ, ಸುತ್ತ ದ್ರಾಕ್ಷಿ ಚಪ್ಪರ. ತೊರೆಯಿಲ್ಲ, ಕೆರೆಯಿಲ್ಲ. ಹಾಗಿದ್ದೂ ನೊರೆಗುಡ್ಡ ಎಂಬ ಹೆಸರು ಹೇಗೆ ಬಂತೆಂದು ಬಂದವರೆಲ್ಲ ಕೇಳುತ್ತಾರೆ. ನನ್ನ ಹೆಂಡತಿ ಈ ಗುಡ್ಡದ ಮಗಳು. ಅವಳು ಚೆನ್ನಾಗಿ ಹೇಳುತ್ತಿದ್ದಳು. ಈಗ ಅವಳಿಲ್ಲ. ತಿಳಿದಷ್ಟು ನಾನು ಬರೆಯುತ್ತೇನೆ.

ಹಿಂದೆ ಒಮ್ಮೆ, ಜಹಗೀರುದಾರರ ಕಾಲದಲ್ಲಿ, ಇಟಲಿ ದೇಶದಿಂದ ಜಕೋಮೊ ಎಂಬ ಪಾದ್ರಿಗಳು ಬಂದರಂತೆ. ಊರವರ ಬಾಯಲ್ಲಿ ಜಾಕಪ್ಪಸ್ವಾಮಿ. ಹಸಿ ಬಟ್ಟೆಯಲ್ಲಿ ಸುತ್ತಿ ತಮ್ಮ ತಾಯಿಯ ತೋಟದ ದ್ರಾಕ್ಷಿ ಕಡ್ಡಿ ತಂದಿದ್ದರು. ಅವರ ಸೀಮೆಯಲ್ಲಿ ಆ ಬಳ್ಳಿಗೆ ಗ್ಲೇರಾ ಎಂದೂ ಅದರ ಹುದುಗಿಸಿದ ರಸಕ್ಕೆ ಪ್ರೊಸೆಕ್ಕೊ ಎಂದೂ ಹೆಸರು. ಆಗ ಕತ್ತಾಳೆ ಹಗ್ಗ ಹೊಸೆಯುವ ಕೆಲವು ಮನೆಯವರು ನೆಲೆಯಿಲ್ಲದೆ ಅಲೆಯುತ್ತಿದ್ದರು. ಸ್ವಾಮಿಗಳು ಅವರಿಗಾಗಿ ಜಹಗೀರುದಾರನಲ್ಲಿ ಈ ಗುಡ್ಡ ಬೇಡಿದರು. ಅವನು ನಕ್ಕು, "ಇರಿ. ಮೊದಲ ಫಸಲಿನ ರಸ ಯುಗಾದಿಗೆ ನನ್ನ ನಾಲಗೆ ಮೆಚ್ಚಬೇಕು. ಮೆಚ್ಚಿದರೆ ಗುಡ್ಡ ನಿಮ್ಮದು. ಇಲ್ಲವಾದರೆ ಗಂಟುಮೂಟೆ ಕಟ್ಟಿ" ಎಂದನಂತೆ. ಕಲ್ಲಿನ ಸಂದಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಬಳ್ಳಿ ಬೆಳೆಸಿದರು. ಕೆಲವು ವರ್ಷಕ್ಕೆ, ದೀಪಾವಳಿಯ ಹೊತ್ತಿಗೆ, ಉದ್ದುದ್ದ ಗೊಂಚಲು ಬಿಟ್ಟಿತು. ಹಿಂಡಿದರು. ರಸ ಪೀಪಾಯಿಯಲ್ಲಿ ಬೆಂಕಿಯಿಲ್ಲದೆಯೇ ಹುದುಗೆದ್ದು ಕುದಿಯಿತು. ಪುಷ್ಯದ ಚಳಿಗೆ ಸದ್ದಡಗಿತು. ಆಯಿತು ಎಂದುಕೊಂಡು ಸೀಸೆಗೆ ತುಂಬಿ ಬಿರಡೆ ಜಡಿದರು.

ಅಲ್ಲೇ ತಪ್ಪಿದ್ದು. ಅದು ಮುಗಿದಿರಲಿಲ್ಲ, ಚಳಿಗೆ ಮಲಗಿತ್ತು. ಫಾಲ್ಗುಣದ ಬಿಸಿಲು ಬಿದ್ದದ್ದೇ ಸೀಸೆಯೊಳಗೆ ಎದ್ದು ಕೂತಿತು. ಬಿರಡೆಗಳು ಹಾರತೊಡಗಿದವು. ಜನ ದೆವ್ವವೆಂದು ಓಡಿದರು. ಸ್ವಾಮಿಗಳು ಮಾತ್ರ ತಲೆಮೇಲೆ ಕೈಹೊತ್ತು, "ನಮ್ಮೂರಲ್ಲೂ ಹೀಗೇ ಉಕ್ಕುತ್ತದೆ. ಉಕ್ಕೇ ಅದರ ಜೀವ. ಹೊರಗೆ ಹೋದರೆ ಉಳಿಯುವುದು ಹುಳಿನೀರು" ಎಂದರು. ಹಗ್ಗ ಹೊಸೆಯುವ ಇನ್ನಾಸಮ್ಮ ಉಳಿದ ಸೀಸೆಗಳನ್ನು ನೋಡಿದಳು. "ಅತ್ತರೆ ನಿಲ್ಲುತ್ತದಾ ಸ್ವಾಮಿ? ಸರಿಯಿರಿ ಅತ್ಲಾಗೆ" ಎಂದು ಕತ್ತಾಳೆ ನಾರು ತೆಗೆದಳು. ಬಾವಿಗಿಳಿಸುವ ಬಿಂದಿಗೆಯ ಕುತ್ತಿಗೆಗೆ ಹಾಕುವ ಕುಣಿಕೆಯನ್ನೇ ಸೀಸೆಯ ಕುತ್ತಿಗೆಗೆ ಸಿಕ್ಕಿಸಿ ಬಿರಡೆಯ ಮೇಲೆ ಹಾಯಿಸಿ ಕಟ್ಟಿದಳು. ಆ ಕುಣಿಕೆ ಜಗ್ಗಿದಷ್ಟೂ ಬಿಗಿಯುತ್ತದೆ. ರಸ ಒಳಗಿಂದ ನೂಕಿತು. ನಾರು ಬಿಗಿಯಿತು. ಬಿರಡೆಗಳು ಹಾರದೆ ನಿಂತವು.

ಯುಗಾದಿಯಂದು ಜಹಗೀರುದಾರ ಛತ್ರಿ ಹಿಡಿಸಿಕೊಂಡು ಗುಡ್ಡ ಹತ್ತಿದ. ಸೀಸೆ ನೋಡಿ, "ಏನಮ್ಮಾ, ಕರುವಿನ ಬಾಯಿಗೆ ಕುಕ್ಕೆ ಕಟ್ಟಿದಂತೆ ಕಟ್ಟಿದ್ದೀಯಲ್ಲ, ಕಚ್ಚುತ್ತದೇನು?" ಎಂದು ಹಂಗಿಸಿದ. "ಬಿಚ್ಚಿ ನೋಡಿ ಬುದ್ಧಿ" ಎಂದಳು ಇನ್ನಾಸಮ್ಮ. ಅವನೇ ಚೂರಿಯಿಂದ ನಾರು ಕೊಯ್ದ. ಬಿರಡೆ ಹಾರಿ ಛತ್ರಿಯನ್ನು ತೂತು ಮಾಡಿಕೊಂಡು ಹೋಯಿತು ಎನ್ನುತ್ತಾರೆ. ನೊರೆ ಬಂಡೆಯ ಮೇಲಿಂದ ಇಳಿಯಿತು. ಅವನು ಉಳಿದದ್ದನ್ನು ಕುಡಿದ. ಮತ್ತೆ ಲೋಟ ಚಾಚಿದ. ಆಮೇಲೆ ತೂತು ಛತ್ರಿಯನ್ನು ಆಳಿನ ಕೈಯಿಂದ ತೆಗೆದು ಇನ್ನಾಸಮ್ಮನ ಕೈಗೆ ಕೊಟ್ಟು, "ನೆರಳು ನಿನ್ನದು, ಗುಡ್ಡವೂ ನಿನ್ನವರದು" ಎಂದ. ಅಂದು ಹಗ್ಗದವರು ಕುಣಿದ ಕುಣಿತಕ್ಕೆ ಕೆಳಗಿನ ಊರುಗಳೂ ಎದ್ದು ಬಂದವಂತೆ. ಅಂದಿನಿಂದ ಇದು ನೊರೆಗುಡ್ಡ.

ಇಂದಿಗೂ ಬಂದವರಿಗೆ ಬಂಡೆಯ ಮೇಲೆ ನೊರೆ ಇಳಿದ ಬಿಳಿ ಗೆರೆಗಳು ಕಾಣುತ್ತವೆ. ಸುಣ್ಣದ ಗೆರೆ ಎನ್ನುತ್ತಾರೆ ಓದಿದವರು. ಇರಬಹುದು. ಯುಗಾದಿಗೆ ಈಗಲೂ ಇಲ್ಲಿ ಸೀಸೆ ಬಿಚ್ಚುತ್ತಾರೆ. ಮೇಲಿನ ತಿಳಿ ಬಂದವರಿಗೆ, ತಳದ ಕದಡು ಮನೆಯವರಿಗೆ. ಕದಡೆಂದರೆ ನನ್ನವಳಿಗೆ ಪ್ರಾಣ. ಈ ಸಲ ಅದನ್ನು ಇಗರ್ಜಿಯ ಹಿಂದೆ ಅವಳ ಗೋರಿಯ ಮೇಲೆ ಸುರಿದೆ. ಅಲ್ಲೂ ನೊರೆ ಎದ್ದಿತು.