ಮಾವುತ ಜವರಪ್ಪ ಮಾತು ಕಲಿತದ್ದು

ಒಂದು ಊರು. ಆ ಊರಿಗೊಬ್ಬ ರಾಜ. ರಾಜ ಅಂದಮೇಲೆ ಆನೆ ಬೇಡವೇ? ಲಾಯದ ತುಂಬ ಆನೆ ಕಟ್ಟಿಸಿದ್ದನಂತೆ. ಆ ಲಾಯಕ್ಕೆ ಯಜಮಾನ ಜವರಪ್ಪ ಅನ್ನೋ ಮಾವುತ. ಸೊಪ್ಪು ತರೋಕೆ, ಮೈ ತೊಳೆಯೋಕೆ, ಲದ್ದಿ ಬಾಚೋಕೆ ಅವನ ಕೈಕೆಳಗೆ ಒಂದಷ್ಟು ಜನ ಕಾವಾಡಿಗಳು.

ಈ ಜವರಪ್ಪನಿಗೆ ಎರಡು ನಾಲಿಗೆ ಅಂತ ಜನ ಆಡಿಕೊಳ್ಳುತ್ತಿದ್ದರಂತೆ. ಪಟ್ಟದಾನೆ ಚೆಲುವಿಯ ಹತ್ತಿರ ಹೋದರೆ, "ಬಾರವ್ವಾ ನನ್ನ ತಾಯಿ, ಕಾಲು ನೋಯ್ತದಾ? ಬಿಸಿಲು ಜಾಸ್ತಿ ಆಯ್ತಾ?" ಅನ್ನುವನು. ಹಾಗೇ ಕಾವಾಡಿಗಳ ಕಡೆ ತಿರುಗಿದರೆ, "ಲೋ ನಂಜಾ, ನಿನ್ನ ತಲೇಲಿ ಇರೋದು ಮಣ್ಣೋ, ಲದ್ದೀನೋ?" ಅನ್ನುವನು. ಯಾರೂ ಎದುರಾಡುತ್ತಿರಲಿಲ್ಲ. ಯಾರೂ ಏನೂ ಆಡುತ್ತಿರಲಿಲ್ಲ ಅನ್ನಿ. 'ನನ್ನ ಕಂಡ್ರೆ ಎಷ್ಟು ಮರ್ಯಾದೆ ನೋಡು ಇವಕ್ಕೆ' ಅಂತ ಜವರಪ್ಪ ಮೀಸೆ ಸವರಿಕೊಳ್ಳುವನು.

ಹೀಗಿರಬೇಕಾದರೆ ಒಂದು ದಿನ ರಾಜನ ಮೆರವಣಿಗೆ. ಚೆಲುವಿಯ ಮೇಲೆ ಅಂಬಾರಿ ಇಟ್ಟು ಜವರಪ್ಪ ತಾನೇ ಹಗ್ಗ ಬಿಗಿದ. ಹಗ್ಗ ಹೊಟ್ಟೆ ಕೆಳಗೆ ಚರ್ಮ ಕಿತ್ತು, ಕೆಂಪಗೆ ಗಾಯವಾಗುತ್ತಿತ್ತು. ಕಾವಾಡಿಗಳು ನೋಡಿದರು. ಅವನು ಇವನ ಮುಖ ನೋಡಿದ, ಇವನು ಅವನ ಮುಖ ನೋಡಿದ. ಕೊನೆಗೆ ನಂಜ ಬಾಯಿ ತೆಗೆದ: "ಯಜಮಾನ್ರೇ, ಅದು..."

"ಮುಚ್ಚೋ ಬಾಯಿ! ಹೊರಡೋ ಹೊತ್ತಲ್ಲಿ ಇವನ ಪುರಾಣ ಬೇರೆ."

ನಂಜ ಮುಚ್ಚಿದ. ಮೆರವಣಿಗೆ ಹೊರಟಿತು. ಸಂತೆಬೀದಿಗೆ ಬರುವಷ್ಟರಲ್ಲಿ ಉರಿ ತಡೆಯಲಾರದೆ ಚೆಲುವಿ ಹಿಂಗಾಲು ಮಡಿಸಿ ಕೂತೇಬಿಟ್ಟಳು. ಅಂಬಾರಿ ವಾಲಿತು. ರಾಜ ಜಾರಿದ. ಜಾರಿ ಬಿದ್ದದ್ದು ಎಲ್ಲಿಗೆ? ಮಜ್ಜಿಗೆ ಮಾರುವವಳ ಗಡಿಗೆಗಳ ಮೇಲೆ! ಕಿರೀಟದ ತುಂಬ ಮಜ್ಜಿಗೆ, ಮೀಸೆಯಲ್ಲಿ ಕರಿಬೇವು.

ರಾಜ ಎದ್ದು ಕೂತು, ಚೆಲುವಿಯ ಹೊಟ್ಟೆ ಕಡೆ ನೋಡಿ ಕೇಳಿದ: "ಇಷ್ಟು ಜನ ಇದ್ದೀರಿ. ಒಬ್ಬನಿಗಾದರೂ ಆ ಗಾಯ ಕಾಣಲಿಲ್ಲವೇ?"

"ಕಂಡಿತ್ತು ಬುದ್ಧಿ" ಅಂದರು ಕಾವಾಡಿಗಳು.

"ಮತ್ತೆ ಯಾಕೆ ಹೇಳಲಿಲ್ಲ?"

ಎಲ್ಲರೂ ಜವರಪ್ಪನನ್ನು ನೋಡಿದರು. ರಾಜನಿಗೆ ತಿಳಿಯಿತು.

"ಜವರಪ್ಪಾ, ಜೊತೇಲಿ ದುಡಿಯೋರ ಹತ್ತಿರ ಮಾತಾಡೋದು ಕಲಿ. ಮುಂದಿನ ಮೆರವಣಿಗೆ ಹೊತ್ತಿಗೆ ಕಲಿಯದೆ ಹೋದರೆ ಚೆಲುವಿ ಇನ್ನೊಬ್ಬನ ಕೈಗೆ."

ಜವರಪ್ಪನ ಜೀವ ಹಾರಿಹೋಯಿತು. ಚೆಲುವಿ ತಾಯಿಲ್ಲದ ಮರಿಯಾಗಿದ್ದಾಗ ರಾಗಿ ಗಂಜಿ ಕುಡಿಸಿ ಬೆಳೆಸಿದವನು ಅವನು.

ಮಾತು ಕಲಿಸುವ ಹೊಣೆಯನ್ನು ಮಂತ್ರಿ ಹೊತ್ತುಕೊಂಡ. ಜವರಪ್ಪನನ್ನು ಎದುರಿಗೆ ಕೂರಿಸಿಕೊಂಡು, ಇನ್ನೊಬ್ಬರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಅಂತ ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವ ತನಕ ಹೇಳಿದ. ನಡುವೆ ಜವರಪ್ಪ, "ಸ್ವಾಮೀ, ಒಂದು ಸಂದೇಹ..." ಅಂದ. "ನಡುವೆ ಬಾಯಿ ಹಾಕಬಾರದು, ಅದೇ ಮೊದಲನೇ ಪಾಠ" ಅಂದ ಮಂತ್ರಿ. ಮುಖದಲ್ಲಿ ಸದಾ ನಗೆ ಇರಬೇಕಂತೆ. ತಪ್ಪು ತೋರಿಸುವ ಮೊದಲು ಹೊಗಳಬೇಕಂತೆ. ಜವರಪ್ಪ ಇಷ್ಟನ್ನು ಬಾಯಿಪಾಠ ಮಾಡಿಕೊಂಡು ಬಂದ.

ಮಾರನೆ ದಿನ ಲಾಯಕ್ಕೆ ಬಂದವನೇ ಹಲ್ಲು ಕಿರಿದ. ಮುದುಕ ಕಾವಾಡಿಯೊಬ್ಬನ ಕೈಯಿಂದ ಪೊರಕೆ ಕೆಳಗೆ ಬಿತ್ತು. ಜವರಪ್ಪ ನಂಜನ ಹತ್ತಿರ ಹೋಗಿ ಹೊಗಳಲು ಏನಿದೆ ಅಂತ ಮೇಲಿಂದ ಕೆಳಗೆ ನೋಡಿದ. "ನಂಜಾ, ನಿನ್ನ ಕಿವಿ ಬಲು ಚೆನ್ನಾಗವೆ ಕಣಪ್ಪಾ. ಎರಡೂ ಒಂದೇ ಸಮ ಇವೆ. ಲದ್ದಿ ಯಾಕೋ ಬಾಚಿಲ್ಲ?"

ನಂಜ ಎರಡೂ ಕಿವಿ ಮುಚ್ಚಿಕೊಂಡು ಓಡಿದ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತು: ಯಜಮಾನರಿಗೆ ಏನೋ ಮೆಟ್ಟಿಕೊಂಡಿದೆ. ಕಾವಾಡಿಗಳೆಲ್ಲ ಹೋಗಿ ಒಂದೊಂದು ತಾಯಿತ ಕಟ್ಟಿಸಿಕೊಂಡು ಬಂದರಂತೆ.

ಜವರಪ್ಪನ ಹೆಂಡತಿ ಸಣ್ಣಕ್ಕ ಇದೆಲ್ಲ ಕೇಳಿ ಅಂದಳು: "ಅಲ್ಲ, ಆ ಚೆಲುವಿ ಹತ್ತಿರ ಆಡೋ ಹಂಗೆ ಮನುಷ್ಯರ ಹತ್ತಿರ ಆಡಿದ್ರೆ ನಿಮ್ಮ ಗಂಟೇನಾದ್ರೂ ಹೋಗ್ತದಾ?"

ಹೌದಲ್ಲ ಅನ್ನಿಸಿತು ಜವರಪ್ಪನಿಗೆ. ಮರುದಿನ ಮಡಿಲ ತುಂಬ ಬೆಲ್ಲದ ಉಂಡೆ ಕಟ್ಟಿಕೊಂಡು ಹೋದ. ಮುದುಕ ಕಾವಾಡಿಯ ಬೆನ್ನು ತಟ್ಟಿ, "ಬಾ ಕಂದಾ, ಕಾಲೆತ್ತು, ಜಾಣ" ಅಂತ ಬಾಯಿಗೆ ಬೆಲ್ಲ ತುರುಕಿದ. ಮುದುಕ ಬೆಲ್ಲ ಉಗಿದ. "ಯಜಮಾನ್ರೇ, ಬೈಯ್ರಿ, ತಡ್ಕೋತೀನಿ. ಈ ವಯಸ್ಸಲ್ಲಿ ನನ್ನ ಆನೆ ಮಾಡ್ಬೇಡಿ!"

ಜವರಪ್ಪ ಸೋತುಹೋದ. ಚೆಲುವಿಯನ್ನು ಹೊಳೆಗೆ ಹೊಡೆದುಕೊಂಡು ಹೋಗಿ, ಮೈ ಉಜ್ಜುತ್ತಾ ಕಣ್ಣೀರು ಹಾಕಿದ. "ನಾನು ನಕ್ಕರೂ ಹೆದರ್ತಾರೆ, ಬೆಲ್ಲ ಕೊಟ್ಟರೂ ಉಗೀತಾರೆ. ನಿನ್ನ ಬಿಟ್ಟು ನಾನು ಹೆಂಗವ್ವ ಬದುಕಲಿ?"

ಆ ಕಾಲದಲ್ಲಿ ಪ್ರಾಣಿಗಳಿಗೂ ಮಾತು ಬರುತ್ತಿತ್ತಂತೆ. ತೀರಾ ಬೇಕಾದಾಗ ಮಾತ್ರ ಆಡುತ್ತಿದ್ದವು. ಅದಕ್ಕೇ ಅವಕ್ಕೆ ಒಳ್ಳೆ ಹೆಸರು. ಚೆಲುವಿ ನೀರಲ್ಲಿ ಮಲಗಿಕೊಂಡೇ ಅಂದಳು:

"ಜವರಪ್ಪಾ, ಬೆಲ್ಲ ಕೊಡ್ತೀಯ ಅಂತ ನಾನು ನಿನ್ನ ಮಾತು ಕೇಳ್ತೀನಿ ಅಂದ್ಕೊಂಡಿದ್ದೀಯಾ? ನಾನು ಕಿವಿ ಆಡಿಸಿದ್ರೆ ನೀನು ನಿಂತು ನೋಡ್ತೀಯ. ಕಾಲು ಬದಲಾಯಿಸಿದ್ರೆ ಮುಳ್ಳೇನಾದ್ರೂ ಚುಚ್ಚಿತಾ ಅಂತ ಬಗ್ಗಿ ನೋಡ್ತೀಯ. ಬಾಯಿಲ್ಲದ ನನ್ನ ಕಷ್ಟ ನಿನಗೆ ತಿಳೀತದೆ. ಬಾಯಿ ಇರೋರದು ತಿಳಿಯೋದಿಲ್ಲ."

"ಹಂಗಾದ್ರೆ ಹಗ್ಗ ಕೊರೆಯೋದನ್ನ ಅವತ್ತು ನೀನ್ಯಾಕೆ ಹೇಳಲಿಲ್ಲ?"

"ಕಿವಿ ಬಡಿದೆ, ಸೊಂಡಿಲಲ್ಲಿ ನಿನ್ನ ರುಮಾಲು ಎಳೆದೆ. ನೀನು ನಂಜನ್ನ ಬೈಯೋದ್ರಲ್ಲಿದ್ದೆ."

ಜವರಪ್ಪ ಮೈ ಉಜ್ಜುತ್ತಿದ್ದ ಕಲ್ಲನ್ನು ನೀರಿಗೆ ಬಿಟ್ಟ.

ಅವತ್ತು ಸಂಜೆ ಕಾವಾಡಿಗಳನ್ನೆಲ್ಲ ಕೂರಿಸಿಕೊಂಡು ಕೇಳಿದ: "ನನ್ನಿಂದ ನಿಮಗೇನು ತೊಂದರೆ? ಹೇಳಿ." ಕೇಳಿದ್ದೇ ತಡ, ಬೈಗುಳ ಹೊರಗೆ ಬಾರದಿರಲಿ ಅಂತ ಬಾಯಿ ತುಂಬ ಎಲೆಅಡಿಕೆ ತುರುಕಿಕೊಂಡ. ಯಾರೂ ತುಟಿ ಬಿಚ್ಚಲಿಲ್ಲ. ಇದೂ ಮಂತ್ರಿ ಹೇಳಿಕೊಟ್ಟ ಯಾವುದೋ ಆಟ ಅಂದುಕೊಂಡರು. ಜವರಪ್ಪ ಕಾದ. ಎಲೆಅಡಿಕೆ ನುಣ್ಣಗಾಯಿತು, ಆದರೂ ಕಾದ. ಕೊನೆಗೆ ನಂಜ ಗಂಟಲು ಸರಿ ಮಾಡಿಕೊಂಡ.

"ಯಜಮಾನ್ರೇ, ನನ್ನ ಹೆಸರು ನಂಜ ಅಲ್ಲ."

ಜವರಪ್ಪನ ದವಡೆ ನಿಂತಿತು.

"ನಂಜ ನಿಮ್ಮ ಬೈಗುಳ ತಾಳದೆ ಯಾವಾಗಲೋ ಊರು ಬಿಟ್ಟ. ಅವನ ಜಾಗಕ್ಕೆ ಬಂದೋನು ನಾನು, ಮಾದ. ಮೊದಲನೇ ದಿನ ನೀವು ನಂಜಾ ಅಂದ್ರಿ. ಅಲ್ಲ ಅನ್ನೋಕೆ ಹೆದರಿಕೆ ಆಯ್ತು. ಅವತ್ತಿಂದ ನಂಜನಾಗೇ ಇದ್ದೀನಿ."

ಸಿಟ್ಟು ನೆತ್ತಿಗೇರಿತು ಜವರಪ್ಪನಿಗೆ. ಯಾರ ಮೇಲೆ ಅಂತ ನೋಡಿಕೊಂಡ, ತನ್ನ ಮೇಲೇ. ಎಲೆಅಡಿಕೆ ರಸದ ಜೊತೆ ಅದನ್ನೂ ನುಂಗಿದ. "ಮಾದ" ಅಂದ ಮೆಲ್ಲಗೆ. ಇನ್ನೊಂದು ಸಲ ಅಂದ. ಹೀಗೆ ಒಬ್ಬ ಬಾಯಿ ಬಿಟ್ಟದ್ದೇ ಸಾಕಾಯಿತು, ಉಳಿದವರ ಬಾಯಿಗಳೂ ಬಿಚ್ಚಿಕೊಂಡವು. ಆನೆಗಳನ್ನ ಕಟ್ಟೋ ಹಗ್ಗ ಬಿಗಿಯಾಯ್ತು ಅಂದ ಒಬ್ಬ. ಉಣ್ಣೋ ಹೊತ್ತಲ್ಲಿ ಕೂಗ್ತೀರಿ ಅಂದ ಇನ್ನೊಬ್ಬ. ನನ್ನ ತಾಯಿ ಹೆಸರೆತ್ತಿ ಬೈಬೇಡಿ ಅಂದ ಮತ್ತೊಬ್ಬ, ಅವಳು ಸತ್ತಿದ್ದಾಳೆ ಅಂದ. ಜವರಪ್ಪನಿಗೆ ಅವತ್ತು ನಿದ್ದೆ ಬರಲಿಲ್ಲವಂತೆ. ಬೆಳಗ್ಗೆ ಎದ್ದವನೇ ಮೊದಲು ಹಗ್ಗ ಸಡಿಲಿಸಿದ.

ಮೆರವಣಿಗೆಯ ದಿನ ಬಂತು. ಚೆಲುವಿಯ ಮೇಲೆ ರಾಜ, ಕತ್ತಿನ ಮೇಲೆ ಜವರಪ್ಪ, ಪಕ್ಕದಲ್ಲಿ ಮಾದ. ಎಲ್ಲರ ಮುಂದೆ ಮಂತ್ರಿ, ದಾರಿಯುದ್ದಕ್ಕೂ ಮಾತಾಡುತ್ತಾ. ಊರಾಚೆ ಕಾಲುವೆಗೆ ಮಂತ್ರಿ ಹೊಸದಾಗಿ ಮರದ ಸೇತುವೆ ಕಟ್ಟಿಸಿದ್ದ. ಇನ್ನೇನು ಸೇತುವೆ ಹತ್ತಬೇಕು, ಅಷ್ಟರಲ್ಲಿ ಮಾದ ಕೂಗಿದ: "ಜವರಪ್ಪಣ್ಣಾ, ನಿಲ್ಸು!"

ರಾಜನ ಎದುರಿಗೆ, ಅದೂ ಏಕವಚನದಲ್ಲಿ! ಹಳೇ ಜವರಪ್ಪನಾಗಿದ್ದರೆ ಕೆಳಗಿಳಿದು ಒದೆಯುತ್ತಿದ್ದ. ಇವನು ಯಾಕೆ, ಏನು ಅನ್ನದೆ ಆನೆ ನಿಲ್ಲಿಸಿದ. ಆಮೇಲೆ ಕೇಳಿದ: "ಏನು ಕಂಡ್ಯೋ ಮಾದ?"

"ನಡುವಿನ ತೊಲೆ ಸೀಳಿದೆ."

ಮಂತ್ರಿ ಕೆರಳಿದ. "ನಾನು ಕಟ್ಟಿಸಿದ ಸೇತುವೆ! ಲದ್ದಿ ಬಾಚುವವನ ಮಾತಿಗೆ ಮಹಾಸ್ವಾಮಿಗಳನ್ನು ಬಿಸಿಲಲ್ಲಿ ನಿಲ್ಲಿಸುವುದೇ? ನಾನೇ ನಡೆದು ತೋರಿಸುತ್ತೇನೆ" ಅಂತ ದಾಪುಗಾಲು ಹಾಕಿದ. ಹಿಂದೆ ಸೇತುವೆ ಕಟ್ಟಿದ ಬಡಗಿಗಳು, "ಸ್ವಾಮೀ, ಸ್ವಾಮೀ" ಅಂತ ಓಡಿಬಂದರು. "ನಡುವೆ ಬಾಯಿ ಹಾಕಬೇಡಿ" ಅಂದ ಮಂತ್ರಿ. ಅಂದವನು ಲಟಕ್ಕನೆ ಕಾಣೆಯಾದ.

ಚೆಲುವಿ ಸೊಂಡಿಲು ಇಳಿಸಿ ಕಾಲುವೆಯ ಕೆಸರಿನಿಂದ ಅವನನ್ನು ಎತ್ತಿಟ್ಟಳು. ಬಾಯಿ ತುಂಬ ಕೆಸರು ಇದ್ದದ್ದರಿಂದ ಅವತ್ತೊಂದು ದಿನ ಊರೆಲ್ಲ ತಣ್ಣಗಿತ್ತಂತೆ. ಬಡಗಿಗಳನ್ನು ರಾಜ ವಿಚಾರಿಸಿದ. ತೊಲೆ ಸೀಳು ಬಿಟ್ಟ ವಿಷಯ ಹೇಳಲು ದಿನಾ ಮಂತ್ರಿಯ ಮನೆಗೆ ಹೋಗುತ್ತಿದ್ದರಂತೆ. ದಿನಾ ಅವನು, ಕೇಳಿಸಿಕೊಳ್ಳುವುದು ಹೇಗೆ ಅಂತ ಅವರಿಗೇ ಪಾಠ ಹೇಳಿ ಕಳಿಸುತ್ತಿದ್ದನಂತೆ.

ಚೆಲುವಿ ಜವರಪ್ಪನ ಹತ್ತಿರವೇ ಉಳಿದಳು. ಮಂತ್ರಿಯನ್ನು ರಾಜ ಲಾಯಕ್ಕೆ ಕಳಿಸಿದ: ಆನೆಗಳಿಗೆ ಏನು ಬೇಕು ಅಂತ ಬಾಯಿಬಿಡದೆ ತಿಳಿದುಕೊಂಡ ದಿನ ವಾಪಸು ಬರಬೇಕು. ಮಂತ್ರಿ ಹೋದವನು ಮೊದಲು ಆನೆಗಳಿಗೆ ಒಂದು ಭಾಷಣ ಮಾಡಿದನಂತೆ. ಅವು ಸೊಪ್ಪು ಮೆಲ್ಲುತ್ತಾ ಕೇಳಿದವಂತೆ. ಅವನಿನ್ನೂ ವಾಪಸು ಬಂದಿಲ್ಲ.

ಅವರ ಕತೆ ಅವರ ಊರಲ್ಲಿ ಉಳೀತು, ನಮ್ಮ ಪಾಡು ನಮ್ಮ ಜಗುಲಿ ಮೇಲೆ. ನನ್ನ ಬಾಯಿ ಇಲ್ಲಿಗೆ ಮುಚ್ಚಿತು. ಇನ್ನು ನೀವು ಹೇಳಿ, ನಾನು ಕೇಳ್ತೀನಿ.